ಮೈ ತುಂಬಿತು, ಬಲ ಬಂತೇ?

ಕೇಳುಗರೇ, ನಮಸ್ಕಾರ.

ಕಿಡ್ನಿ ಕಸಿಯಾಗಿ ಆರೇಳು ತಿಂಗಳಾದವರನ್ನು ನೋಡಲು ಬಂದ ನೆಂಟರು, 'ಈಗ ಮೈಕೈ ತುಂಬಿಕೊಂಡಿದ್ದೀರಿ, ಮುಖಕ್ಕೆ ಕಳೆ ಬಂದಿದೆ' ಎನ್ನುತ್ತಾರೆ. ಸಂತೋಷದ ಮಾತೇ. ಆದರೆ ತುಂಬಿಕೊಂಡದ್ದು ಮಾಂಸಖಂಡವೋ ಬೊಜ್ಜೋ? ಆಹಾರ ಸಲಹೆಗಾರ್ತಿಯಾಗಿ ನನಗೆ ಇದೇ ದೊಡ್ಡ ಚಿಂತೆ.

ಡಯಾಲಿಸಿಸ್ ದಿನಗಳಲ್ಲಿ ತೂಕವೆಂದರೆ ಬಹುಮಟ್ಟಿಗೆ ನೀರಿನ ಲೆಕ್ಕ. ಎರಡು ಡಯಾಲಿಸಿಸ್ ನಡುವೆ ಏರಿದ್ದನ್ನು ಯಂತ್ರ ಎಳೆದು, ಹೆಚ್ಚುವರಿ ನೀರಿಲ್ಲದ ತೂಕಕ್ಕೆ, ಅಂದರೆ ಡ್ರೈ ವೇಟ್‌ಗೆ ತರುತ್ತದೆ. ಆ ನೀರಿನ ಮರೆಯಲ್ಲಿ ಸ್ನಾಯು ಸವೆಯುತ್ತಿರುತ್ತದೆ. ಊಟ ಸೇರುವುದಿಲ್ಲ, ಓಡಾಟ ಕಡಿಮೆ, ರಕ್ತದಲ್ಲಿ ಆಮ್ಲ ಹೆಚ್ಚಿ ಸ್ನಾಯುವಿನ ಪ್ರೋಟೀನು ಕರಗುತ್ತದೆ.

ಹೊಸ ಕಿಡ್ನಿ ಕೆಲಸ ಶುರುಮಾಡಿದರೆ ನೀರು ಇಳಿಯುತ್ತದೆ, ನಾಲಿಗೆಗೆ ರುಚಿ ಮರಳುತ್ತದೆ. ಎಳನೀರು ಬೇಡ, ಬಾಳೆಹಣ್ಣು ಬೇಡ, ತರಕಾರಿ ಬೇಯಿಸಿ ನೀರು ಬಸಿದು ತಿನ್ನಿ ಎಂಬ ಕಟ್ಟುಪಾಡಿನಲ್ಲಿ ವರ್ಷಗಟ್ಟಲೆ ಇದ್ದವರು! ಉಣ್ಣಲಿ ಎಂದು ಮನೆಯವರೂ ಬಡಿಸುತ್ತಾರೆ. ಹೊಸ ಕಿಡ್ನಿಯನ್ನು ದೇಹ ತಿರಸ್ಕರಿಸದಿರಲೆಂದು ಕೊಡುವ ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡು ಮಾತ್ರೆ ಹಸಿವನ್ನು ಇನ್ನಷ್ಟು ಕೆರಳಿಸುತ್ತದೆ. ಮೊದಲ ವರ್ಷದಲ್ಲೇ 5ರಿಂದ 10 ಕಿಲೋ ಏರಿದವರು ಅನೇಕರು.

ಏರಿದ್ದರಲ್ಲಿ ಹೆಚ್ಚಿನ ಪಾಲು ಕೊಬ್ಬು. ಸ್ಟೀರಾಯ್ಡು ಕೊಬ್ಬನ್ನು ಹೊಟ್ಟೆ, ಕೆನ್ನೆ, ಕತ್ತಿನ ಹಿಂಭಾಗಕ್ಕೆ ಸೇರಿಸುತ್ತದೆ. ತೊಡೆ, ಸೊಂಟದ ಸ್ನಾಯುಗಳನ್ನು ದುರ್ಬಲಗೊಳಿಸುತ್ತದೆ. ಮೇಲಾಗಿ ಅದೇ ಉದ್ದೇಶಕ್ಕೆ ಕೊಡುವ ಇನ್ನೊಂದು ಔಷಧ ಟ್ಯಾಕ್ರೋಲಿಮಸ್ ಇನ್ಸುಲಿನ್ ಉತ್ಪತ್ತಿಯನ್ನು ತಗ್ಗಿಸುವುದರಿಂದ, ಹೊಟ್ಟೆಯ ಬೊಜ್ಜೂ ಸೇರಿದರೆ ಹಿಂದೆಂದೂ ಇರದಿದ್ದ ಸಕ್ಕರೆ ಕಾಯಿಲೆ ಅಂಟಿಕೊಳ್ಳಬಹುದು.

ನಮ್ಮಲ್ಲಿಗೆ ಬರುವವರನ್ನು ಎದೆಯ ಮೇಲೆ ಕೈಕಟ್ಟಿ ಕುರ್ಚಿಯಿಂದ ಏಳಲು ಹೇಳುತ್ತೇನೆ. ಚೀಟಿಯಲ್ಲಿ ತೂಕ ಚೆನ್ನಾಗಿ ಏರಿದ್ದ ಒಬ್ಬ ತಾಯಿ ಅರ್ಧ ಎದ್ದು ಹಾಗೇ ಕುಸಿದು ಕೂತರು. ಆಮೇಲೆ ಎರಡೂ ಅಂಗೈ ತೊಡೆಗೆ ಒತ್ತಿ, ಮುಂದಕ್ಕೆ ಬಾಗಿ, ಉಸಿರು ಬಿಗಿಹಿಡಿದು ಎದ್ದರು. ತಕ್ಕಡಿಗೆ ಇದು ಕಾಣುವುದಿಲ್ಲ. ಡೆಕ್ಸಾ ಎಂಬ ಎಕ್ಸ್-ರೇ ಸ್ಕ್ಯಾನ್ ಕೊಬ್ಬನ್ನೂ ಸ್ನಾಯುವನ್ನೂ ಬೇರೆ ಬೇರೆಯಾಗಿ ತೋರಿಸುತ್ತದೆ, ಮೂಳೆಯ ಸವೆತವನ್ನೂ ಹೇಳುತ್ತದೆ.

ಹಾಗೆಂದು ಮಾತ್ರೆ ಬಿಡುವ ಯೋಚನೆ ಖಂಡಿತ ಬೇಡ. 1954ರಲ್ಲಿ ಬಾಸ್ಟನ್ನಿನಲ್ಲಿ ಜೋಸೆಫ್ ಮರ್ರೆ ಮಾಡಿದ ಮೊದಲ ಯಶಸ್ವಿ ಕಸಿ ತದ್ರೂಪಿ ಅವಳಿಗಳ ನಡುವೆ ನಡೆದದ್ದು. ಅವರಿಗೆ ಈ ಔಷಧಗಳ ಅಗತ್ಯವೇ ಬೀಳಲಿಲ್ಲ. ಉಳಿದವರ ದೇಹ ಮಾತ್ರೆಯಿಲ್ಲದಿದ್ದರೆ ಕಿಡ್ನಿಯನ್ನು ತಿರಸ್ಕರಿಸುತ್ತದೆ. ಪ್ರಮಾಣ ಇಳಿಸುವುದು ವೈದ್ಯರಿಗೆ ಬಿಟ್ಟದ್ದು.

ನಮ್ಮ ಕೈಯಲ್ಲಿರುವುದು ತಟ್ಟೆ ಮತ್ತು ತೊಡೆ. ನಡಿಗೆ ಒಳ್ಳೆಯದೇ, ಆದರೆ ಸ್ನಾಯು ಬೆಳೆಯಲು ಅದಕ್ಕೆ ಭಾರ ಬೀಳಬೇಕು. ಹೊಲಿಗೆ ಮಾಯುವವರೆಗೆ ತುಂಬಿದ ಬಿಂದಿಗೆ ಎತ್ತಬೇಡಿ. ವೈದ್ಯರು ಸರಿ ಎಂದ ಮೇಲೆ ಕುರ್ಚಿಯಲ್ಲಿ ಕೂತು ಏಳುವುದರಿಂದ ಶುರುಮಾಡಿ. ಅನ್ನದ ಗುಡ್ಡೆ ತಗ್ಗಲಿ. ಬೇಳೆ, ಮೊಸರು, ಮೊಟ್ಟೆ ಎಷ್ಟೆಂಬುದನ್ನು ನಿಮ್ಮ ರಕ್ತಪರೀಕ್ಷೆ ನೋಡಿ ಕೇಳಿಕೊಳ್ಳಿ. ಮೊಳಕೆಕಾಳನ್ನು ಬೇಯಿಸಿಯೇ ತಿನ್ನಿ, ಈ ಔಷಧಗಳು ರೋಗನಿರೋಧಕ ಶಕ್ತಿಯನ್ನು ತಗ್ಗಿಸುವುದರಿಂದ ಸೋಂಕಿನ ಭಯವಿದೆ. ದೇವನಹಳ್ಳಿಯ ಚಕ್ಕೋತ ಎಷ್ಟೇ ಇಷ್ಟವಿದ್ದರೂ ಬೇಡ. ರಕ್ತದಲ್ಲಿ ಟ್ಯಾಕ್ರೋಲಿಮಸ್ ಮಟ್ಟವನ್ನು ಅದು ಏರಿಸಬಲ್ಲದು.

ಮುಂದಿನ ಸಲ ಆಸ್ಪತ್ರೆಗೆ ಹೋಗುವ ಮುನ್ನ ನಿಮ್ಮ ಪುಸ್ತಕದಲ್ಲಿ ತೂಕದ ಪಕ್ಕದಲ್ಲೇ ಹೊಟ್ಟೆಯ ಸುತ್ತಳತೆ ಬರೆಯಿರಿ. 30 ಸೆಕೆಂಡಿನಲ್ಲಿ ಕೈ ಊರದೆ ಕುರ್ಚಿಯಿಂದ ಎಷ್ಟು ಸಲ ಎದ್ದಿರಿ ಎಂಬುದನ್ನೂ ಬರೆದು, ಮೂರನ್ನೂ ವೈದ್ಯರಿಗೆ ತೋರಿಸಿ.

ನಮಸ್ಕಾರ.