ಬಿಸಿಲಿಗೊಂದು ಕಟ್ಟೆ

ನಮಸ್ಕಾರ. ಫೋನ್ ತೆಗೆದರೆ ಈಗೀಗ ಒಂದು ಬಗೆಯ ವಿಡಿಯೋ ಜಾಸ್ತಿ ಬರುತ್ತಿದೆ, ನೀವೂ ನೋಡಿರುತ್ತೀರಿ. ಸುತ್ತ ಹಿಮ. ಯಾರೋ ಕಣ್ಣು ಮುಚ್ಚಿ ಬಿಸಿಲಿಗೆ ಮುಖ ಒಡ್ಡಿ ಕೂತಿರುತ್ತಾರೆ. ಹಿಂದೆ ಮೆಲ್ಲಗೆ ಪಿಯಾನೋ. "ಇದಕ್ಕೆ ನಾರ್ವೆಯವರ ಹತ್ತಿರ ಒಂದು ಪದ ಇದೆ, ನಮ್ಮ ಹತ್ತಿರ ಇಲ್ಲ" ಅನ್ನುತ್ತದೆ ಒಂದು ದನಿ. ಆ ಪದ ಕಲಿತರೆ ನಾವೂ ಸುಖವಾಗಿರಬಹುದಂತೆ. ನನಗೆ ಈ ಉಪದೇಶ ಕಂಡರೆ ಆಗುವುದಿಲ್ಲ. ಪದಗಳ ಮೇಲೆ ಸಿಟ್ಟಿಲ್ಲ, ಅವು ಸೊಗಸಾಗಿವೆ.

'ಸೂಲ್‌ವೆಗ್' ತಗೊಳ್ಳಿ. ಸೂಲ್ ಅಂದರೆ ಸೂರ್ಯ, ವೆಗ್ ಅಂದರೆ ಗೋಡೆ. ಬಿಸಿಲು ಬಿದ್ದು ಬೆಚ್ಚಗಾಗಿರುವ ಮನೆಗೋಡೆ. ಅದಕ್ಕೆ ಬೆನ್ನು ಕೊಟ್ಟು ಕೂರುತ್ತಾರೆ. 'ಸೂಲ್‌ಕ್ರೂಕ್' ಅಂದರೆ ಗಾಳಿ ತಾಗದ ಬಿಸಿಲಿನ ಮೂಲೆ. 'ಸೂಲ್‌ಗ್ರೂಪ್' ಅಂದರೆ ಬಿಸಿಲು ಕಾಯಿಸಲು ಹಿಮದಲ್ಲಿ ತೋಡಿಕೊಂಡ ಗುಂಡಿ. ಗ್ರೂಪ್ ಅಂದಾಕ್ಷಣ ವಾಟ್ಸಾಪ್ ನೆನಪಾಗಬಾರದು, ಅವರ ಭಾಷೆಯಲ್ಲಿ ಅದು ತಗ್ಗು.

ಗಮನಿಸಿದಿರಾ? ಮೂರೂ ಜಾಗದ ಹೆಸರು. ಬಿಸಿಲು ಹೇಗಿದೆ ಅನ್ನುವ ಗೋಜಿಗೇ ಹೋಗುವುದಿಲ್ಲ, ಎಲ್ಲಿ ಕೂರಬೇಕು ಅಂತ ಹೇಳುತ್ತವೆ. ನಮ್ಮದು ಉಲ್ಟಾ. ಎಳೆಬಿಸಿಲು, ಹೂಬಿಸಿಲು, ಸುಡುಬಿಸಿಲು, ರಣಬಿಸಿಲು. ಬಿಸಿಲಿನ ಸ್ವಭಾವಕ್ಕೆ ನಮ್ಮಲ್ಲಿ ಬೇಕಾದಷ್ಟು ಪದಗಳಿವೆ. ಕೂರುವ ಜಾಗ ಅಂತ ಬಂದರೆ ನಾವು ಹುಡುಕುವುದು ನೆರಳು. ಜಗಲಿ, ಚಪ್ಪರ, ಅರಳಿಕಟ್ಟೆ. ಹಾಗಾಗಿ ಸೂಲ್‌ವೆಗ್ ಅನ್ನುವುದನ್ನು 'ಸೂರ್ಯಗೋಡೆ' ಅಂತ ಅನುವಾದ ಮಾಡಿದರೆ ಏನೂ ಸಿಗುವುದಿಲ್ಲ. ಅದು ಅವರ ಅರಳಿಕಟ್ಟೆ. ಮರ ಮಾತ್ರ ಇಲ್ಲ.

ಅಲ್ಲಾ, ಗೋಡೆಯೇ ಯಾಕೆ? ಡಿಸೆಂಬರ್ ಕೊನೆಯಲ್ಲಿ ಬೆಂಗಳೂರಿನ ನಡುಮಧ್ಯಾಹ್ನ ಸೂರ್ಯ ಸುಮಾರು 54 ಡಿಗ್ರಿ ಎತ್ತರದಲ್ಲಿರುತ್ತಾನೆ. ಓಸ್ಲೋದಲ್ಲಿ ಅದೇ ದಿನ, ಅದೇ ನಡುಮಧ್ಯಾಹ್ನ, ಬರೀ 6-7 ಡಿಗ್ರಿ. ನಮ್ಮಲ್ಲಿ ಸೂರ್ಯ ಹುಟ್ಟಿ ಅರ್ಧ ಗಂಟೆಯಾದಾಗ ಇರುವಷ್ಟೇ. ಅಷ್ಟು ತಗ್ಗಿನ ಬಿಸಿಲು ನೆಲದ ಮೇಲೆ ಓರೆಯಾಗಿ ಜಾರಿ ತೆಳ್ಳಗಾಗಿಬಿಡುತ್ತದೆ. ನೆಟ್ಟಗೆ ನಿಂತ ಗೋಡೆಗೆ ಮಾತ್ರ ನೇರವಾಗಿ ಬಡಿಯುತ್ತದೆ. ಗೋಡೆಗೆ, ಆಮೇಲೆ ನೆಟ್ಟಗೆ ಕೂತವನ ಮುಖಕ್ಕೆ. ಅಲ್ಲಿ ಗೋಡೆಗೆ ಒರಗಿ ಕೂರುವುದರ ಹಿಂದೆ ಇಷ್ಟು ರೇಖಾಗಣಿತ ಇದೆ.

ಗುಂಡಿಯದು ಇನ್ನೂ ಮಜಾ. ಈಸ್ಟರ್ ಹೊತ್ತಿಗೆ ಬೆಟ್ಟಗಳ ಮೇಲೆ ಹಿಮ ದಪ್ಪಗೆ ಇರುತ್ತದೆ, ಬಿಸಿಲೂ ಜೋರಾಗಿರುತ್ತದೆ. ಗುರುವಾರ, ಶುಕ್ರವಾರ ರಜೆ, ಮುಂದಿನ ಸೋಮವಾರವೂ ರಜೆ. ಸ್ಕೀ ಕಟ್ಟಿಕೊಂಡು ಹೊರಡುತ್ತಾರೆ. ಒಳ್ಳೆಯ ಇಳಿಜಾರು ಸಿಕ್ಕರೆ ಚೀಲದಿಂದ ಸಣ್ಣ ಸಲಿಕೆ ಹೊರಗೆ ಬರುತ್ತದೆ. ಗಾಳಿ ಯಾವ ಕಡೆಯಿಂದ ಅಂತ ಮೊದಲು ನೋಡಬೇಕು. ತೋಡಿದ ಹಿಮವನ್ನು ಆ ಕಡೆಗೇ ಒಟ್ಟಿದರೆ ಅದೇ ಗೋಡೆ. ಸೂರ್ಯನಿಗೆ ಮುಖ ಬರುವ ಹಾಗೆ ಹಿಮದಲ್ಲೇ ಒಂದು ಬೆಂಚು ಕಡಿಯುತ್ತಾರೆ, ಕಾಲು ಇಳಿಬಿಡಲು ಕೆಳಗೆ ಇನ್ನೊಂದು ತಗ್ಗು. ಬೆಂಚಿನ ಮೇಲೆ ಹಿಮಸಾರಂಗದ ಚರ್ಮ, ಇಲ್ಲದಿದ್ದರೆ ಅಂಡಿನಷ್ಟೇ ಅಗಲದ ಫೋಮ್ ತುಂಡು. ಥರ್ಮಾಸ್‌ನಲ್ಲಿ ಬಿಸಿ ಕಾಫಿ. ಕಿತ್ತಳೆ ಹಣ್ಣು. ಈಸ್ಟರ್ ಅಂದರೆ ಕಿತ್ತಳೆ, ಇದರಲ್ಲಿ ಚೌಕಾಸಿ ಇಲ್ಲ. ಸಿಪ್ಪೆಯನ್ನು ಹಿಮದಲ್ಲಿ ಹೂತರೆ ಮುಗೀತು ಅಂದುಕೊಂಡರೆ, ಹಿಮ ಕರಗಿದ ಮೇಲೆ ಎಲ್ಲ ಮೇಲೆ ಬರುತ್ತದೆ.

ಜೊತೆಗೆ 'ಕ್ವಿಕ್ ಲುನ್ಶ್' ಅನ್ನೋ ಚಾಕೊಲೇಟ್. 1937ರಿಂದ ಇದೆ. ಅದರ ಕಾಗದದ ಮೇಲೆ ಬೆಟ್ಟ ಹತ್ತುವವರು ಪಾಲಿಸಬೇಕಾದ ನಿಯಮಗಳನ್ನು ಅಚ್ಚು ಹಾಕುತ್ತಾ ಬಂದಿದ್ದಾರೆ. ಹೊತ್ತಿಗೆ ಸರಿಯಾಗಿ ಹಿಂತಿರುಗಿ, ಹಿಂತಿರುಗುವುದರಲ್ಲಿ ನಾಚಿಕೆ ಇಲ್ಲ ಅನ್ನುವುದು ಒಂದು. ಹಳೆಯ ಪಟ್ಟಿಯಲ್ಲಿ ಇನ್ನೊಂದು: ಶಕ್ತಿ ಉಳಿಸಿಕೊಳ್ಳಿ, ಬೇಕಾದರೆ ಹಿಮದೊಳಗೆ ತೋಡಿಕೊಂಡು ಕೂರಿ. ಬಿರುಗಾಳಿಯಲ್ಲಿ ಜೀವ ಉಳಿಸುವ ಅದೇ ಕೆಲಸವನ್ನು ಬಿಸಿಲಿನ ದಿನ ಸುಮ್ನೆ ಖುಷಿಗೆ ಮಾಡುತ್ತಾರೆ. ಪಿಯಾನೋ ವಿಡಿಯೋದಲ್ಲಿ ಸಲಿಕೆ ಕಾಣುವುದೇ ಇಲ್ಲ, ಅಲ್ವಾ?

ಸಲಿಕೆ ಇದ್ದರೆ ಸಾಲದು, ತೋಡಲು ಜಾಗ ಬೇಕು. ನಾರ್ವೆಯಲ್ಲಿ 1957ರಿಂದ ಒಂದು ಕಾನೂನು ಇದೆ. ಕಾಡು, ಬೆಟ್ಟ, ಬಯಲು ಯಾರ ಹೆಸರಿನಲ್ಲೇ ಇರಲಿ, ಯಾರು ಬೇಕಾದರೂ ನಡೆದು ಹೋಗಬಹುದು, ಕೂರಬಹುದು. ಚಳಿಗಾಲದಲ್ಲಿ ಅದು ಇನ್ನೂ ಸಡಿಲ. ಅಕ್ಟೋಬರ್ ಮಧ್ಯದಿಂದ ಏಪ್ರಿಲ್ ಕೊನೆಯವರೆಗೆ ನೆಲ ಹೆಪ್ಪುಗಟ್ಟಿದ್ದರೆ ಅಥವಾ ಹಿಮ ಮುಚ್ಚಿದ್ದರೆ, ರೈತನ ಹೊಲದ ಮೇಲೂ ಸ್ಕೀ ಮಾಡುತ್ತಾ ಹೋಗಬಹುದು. ಮನೆಯಂಗಳಕ್ಕೆ ಮಾತ್ರ ಕಾಲಿಡುವ ಹಾಗಿಲ್ಲ. ನನ್ನನ್ನು ಕೇಳಿದರೆ ಆ ಪದಗಳು ಉಳಿದಿರುವುದಕ್ಕೆ ಈ ಕಾನೂನಿನ ಪಾಲು ದೊಡ್ಡದು. ಬೇಲಿ, ವಾಚ್‌ಮನ್, 'ಅತಿಕ್ರಮ ಪ್ರವೇಶ ನಿಷೇಧ' ಬೋರ್ಡು ಇರುವ ಕಡೆ ಸೂಲ್‌ಗ್ರೂಪ್ ಅನ್ನುವ ಪದ ಏನು ಮಾಡೀತು?

ಉತ್ತರಕ್ಕೆ ಹೋದರೆ ಸೂರ್ಯ ವಾರಗಟ್ಟಲೆ ಮೇಲೇ ಬರುವುದಿಲ್ಲ. ಟ್ರೂಮ್ಸೋ ಊರಿನಲ್ಲಿ ಜನವರಿ 21ರ ಹೊತ್ತಿಗೆ ಅವನು ಮತ್ತೆ ಮುಖ ತೋರಿಸಿದಾಗ ಜಾಮ್ ತುಂಬಿದ ಬನ್ನು ತಿನ್ನುತ್ತಾರೆ, ಸೂರ್ಯನ ಬನ್ನು ಅಂತಲೇ ಅದರ ಹೆಸರು. ಇನ್ನೂ ಮೇಲೆ, ಸ್ವಾಲ್‌ಬಾರ್ ದ್ವೀಪಗಳ ಲಾಂಗ್‌ಇಯರ್‌ಬೀನ್‌ನಲ್ಲಿ ಮಾರ್ಚ್ 8ರ ಸುಮಾರಿಗೆ ಇಡೀ ಊರು ಹಳೆಯ ಆಸ್ಪತ್ರೆಯ ಮೆಟ್ಟಿಲ ಹತ್ತಿರ ಸೇರುತ್ತದೆ. ಆಸ್ಪತ್ರೆ ಈಗಿಲ್ಲ, ಮೆಟ್ಟಿಲು ಇದೆ. ಅದರ ಮೇಲೆ ಬಿಸಿಲು ಬಿದ್ದರೇನೇ ಸೂರ್ಯ ಬಂದ ಲೆಕ್ಕ.

ಆದರೆ ನನ್ನ ತಲೆಯಲ್ಲಿ ಕೂತಿರುವ ಊರು ರ‍್ಯೂಕಾನ್. ಅದು ದಕ್ಷಿಣ ನಾರ್ವೆಯಲ್ಲೇ ಇದೆ. ಸೂರ್ಯ ಅಲ್ಲಿ ದಿನಾ ಹುಟ್ಟುತ್ತಾನೆ, ಊರಿಗೆ ಕಾಣುವುದಿಲ್ಲ. ಕಡಿದಾದ ಕಣಿವೆಯ ತಳದಲ್ಲಿರುವ ಊರು ಅದು. ಸೆಪ್ಟೆಂಬರ್ ಕೊನೆಯಿಂದ ಮಾರ್ಚ್‌ವರೆಗೆ ಬೆಟ್ಟದ ನೆರಳಿನಲ್ಲೇ ಇರುತ್ತದೆ. ಅಂಥಲ್ಲಿ ಊರು ಯಾಕೆ ಕಟ್ಟಿದರು? ಜಲಪಾತ ಇತ್ತು. 1905ರಲ್ಲಿ ಶುರುವಾದ ನಾರ್ಸ್ಕ್ ಹೀದ್ರೋ ಕಂಪನಿ ಆ ನೀರಿನಿಂದ ವಿದ್ಯುತ್ ತೆಗೆದು ಗೊಬ್ಬರ ಮಾಡಲು ಹೊರಟಿತು. ಕಾರ್ಮಿಕರನ್ನು ಕರೆತಂದು ಕಣಿವೆಯ ತಳದಲ್ಲಿ ನೆಲೆಸುವ ಹಾಗೆ ಮಾಡಿತು. ನೀರು ಕಂಪನಿಗೆ, ನೆರಳು ಕಾರ್ಮಿಕರಿಗೆ.

ಬೆಟ್ಟದ ಮೇಲೆ ಕನ್ನಡಿ ಇಟ್ಟು ಬಿಸಿಲನ್ನು ಊರಿಗೆ ತಿರುಗಿಸೋಣ ಅಂತ 1913ರಲ್ಲೇ ಅಲ್ಲಿನ ಒಬ್ಬ ಗುಮಾಸ್ತ ಹೇಳಿದ್ದ. ಆಗ ಅದು ಆಗಲಿಲ್ಲ. 1928ರಲ್ಲಿ ಕಂಪನಿ ಒಂದು ಕೇಬಲ್ ಕಾರ್ ಹಾಕಿಸಿತು. ಚಳಿಗಾಲದಲ್ಲಿ ಜನ ಮೇಲೆ ಹೋಗಿ ಬಿಸಿಲು ಕಂಡು ಬರಲಿ ಅಂತ. ಅದನ್ನು ಉಡುಗೊರೆ ಅಂತ ಕರೆಯುತ್ತಾರೆ. ನನಗೆ ಅದು ಬಾಕಿ ತೀರಿಸಿದ ಹಾಗೆ ಕಾಣುತ್ತದೆ, ಅದೂ ಕಂತಿನಲ್ಲಿ.

ಕನ್ನಡಿ ಬಂದಿದ್ದು 2013ರ ಅಕ್ಟೋಬರಿನಲ್ಲಿ, ಸರಿಯಾಗಿ ನೂರು ವರ್ಷಕ್ಕೆ. ಊರಿನಿಂದ ಸುಮಾರು 450 ಮೀಟರ್ ಮೇಲೆ ಮೂರು ದೊಡ್ಡ ಕನ್ನಡಿಗಳು. ಸೂರ್ಯ ಸರಿದ ಹಾಗೆ ಅವೂ ತಿರುಗುತ್ತವೆ. ದುಡ್ಡು ದಂಡ ಅಂತ ಊರಿನಲ್ಲೇ ಕೆಲವರು ವಿರೋಧಿಸಿದ್ದರು. ಇಷ್ಟೆಲ್ಲಾ ಮಾಡಿ ಸಿಕ್ಕಿದ್ದು ಊರ ಚೌಕದಲ್ಲಿ ಸುಮಾರು 600 ಚದರ ಮೀಟರ್ ಬಿಸಿಲು. ನಮ್ಮ ಲೆಕ್ಕದಲ್ಲಿ ಎರಡೂವರೆ 30-40 ಸೈಟು. ಸುತ್ತ ನೆರಳು, ನಡುವೆ ಮೊಟ್ಟೆಯಾಕಾರದ ಒಂದು ಬೆಳಕು. ಮೊದಲ ದಿನ ಜನ ಕಪ್ಪು ಕನ್ನಡಕ ಹಾಕಿಕೊಂಡು ಬಂದರು, ಆರಾಮ ಕುರ್ಚಿ ಹಾಕಿದರು.

ಎರಡೂವರೆ ಸೈಟು ಅಂದೆನಲ್ಲ, ಮತ್ತೆ ಲೆಕ್ಕ ಹಾಕಿದರೆ ಐದಕ್ಕಿಂತ ಜಾಸ್ತಿಯೇ ಆಗುತ್ತದೆ. ಬಿಸಿಲು ಅಂದರೆ ನಾನು ಲೆಕ್ಕ ಇಟ್ಟವನೇ ಅಲ್ಲ, ಅದಕ್ಕೇ ತಪ್ಪಿತು. ಅವರಿಗೆ ತಪ್ಪುವುದಿಲ್ಲ.