ರ‍್ಯಾಂಪಿನ ನಡುವೆ ರೈಲು ಹಳಿ

ನಮಸ್ಕಾರ. ತೆರೆಯ ಮೇಲೆ ಕಾಣುತ್ತಿರುವುದು ಅಮೆರಿಕದ ಒಂದು ಹೆದ್ದಾರಿಯಿಂದ ಕೆಳಗಿಳಿಯುವ ರ‍್ಯಾಂಪ್. ತಿರುವು ಮುಗಿದ ಕೂಡಲೇ ರೈಲು ಹಳಿ ಎದುರಾಗುತ್ತದೆ. ಮೇಲ್ಸೇತುವೆಯಿಲ್ಲ, ಕೆಳಸೇತುವೆಯಿಲ್ಲ, ಹಳಿಯೂ ರಸ್ತೆಯೂ ಒಂದೇ ಮಟ್ಟದಲ್ಲಿವೆ. ಹಳಿ ದಾಟಿ ತುಸು ದೂರದಲ್ಲೇ ಟ್ರಾಫಿಕ್ ಸಿಗ್ನಲ್ ಇದೆ. ಇಂತಹ ರ‍್ಯಾಂಪ್‌ಗಳನ್ನು ಮುಚ್ಚಿಬಿಡಬೇಕೆಂಬುದು ನನ್ನ ಅಭಿಪ್ರಾಯ.

ಆ ಟ್ಯಾಂಕರ್ ಲಾರಿಯನ್ನು ಗಮನಿಸಿ. ರೈಲಿನ ಸುಳಿವಿಲ್ಲ, ಗೇಟ್ ತೆರೆದೇ ಇದೆ, ಆದರೂ ಅದು ನಿಂತಿದೆ. ಅಪಾಯಕಾರಿ ಸರಕಿನ ಲಾರಿಗಳೂ ಪ್ರಯಾಣಿಕರ ಬಸ್ಸುಗಳೂ ಹಳಿಯಿಂದ 15 ಅಡಿಗಿಂತ ಹತ್ತಿರ ಹೋಗದೆ, 50 ಅಡಿಯೊಳಗೆ ನಿಂತು, ಎರಡೂ ಕಡೆ ನೋಡಿ, ಸದ್ದಿಗೆ ಕಿವಿಗೊಟ್ಟು, ಅನಂತರ ಗೇರ್ ಬದಲಿಸದೆ ದಾಟಬೇಕೆಂದು ಅಲ್ಲಿನ ಕೇಂದ್ರ ಸರ್ಕಾರದ ನಿಯಮವಿದೆ. ನಿಯಮ ಸರಿಯಾದದ್ದೇ. ಆದರೆ ಊರೊಳಗಿನ ರಸ್ತೆಯಲ್ಲಿ ಹಾಗೆ ನಿಲ್ಲುವುದೇ ಬೇರೆ, ಹೆದ್ದಾರಿಯ ವೇಗ ಇನ್ನೂ ಇಳಿಯದ ಕಾರುಗಳು ತಿರುವಿನ ಹಿಂದಿನಿಂದ ನುಗ್ಗಿ ಬರುವ ರ‍್ಯಾಂಪಿನಲ್ಲಿ ನಿಲ್ಲುವುದೇ ಬೇರೆ. ನಿಯಮ ಪಾಲಿಸಿದ ಚಾಲಕನ ಬೆನ್ನ ಹಿಂದೆಯೇ ಅಪಾಯವನ್ನು ತಂದು ನಿಲ್ಲಿಸುವ ಈ ವಿನ್ಯಾಸವನ್ನು ನಾನು ಒಪ್ಪಲಾರೆ.

ಇನ್ನು ಮುಂದಿನ ಸಿಗ್ನಲ್ ಕೆಂಪಾದರೆ ವಾಹನಗಳ ಸಾಲು ಹಳಿಯವರೆಗೂ ಬೆಳೆಯುತ್ತದೆ. 1995ರ ಅಕ್ಟೋಬರ್ 25ರಂದು ಇಲಿನಾಯ್ ರಾಜ್ಯದ ಫಾಕ್ಸ್ ರಿವರ್ ಗ್ರೋವ್‌ನಲ್ಲಿ ಕೆಂಪು ದೀಪಕ್ಕೆ ನಿಂತ ಶಾಲಾ ಬಸ್ಸಿನ ಹಿಂಭಾಗ ಹಳಿಯತ್ತ ಚಾಚಿಕೊಂಡಿತ್ತು; ರೈಲು ಬಡಿದು 7 ವಿದ್ಯಾರ್ಥಿಗಳು ಸತ್ತರು. ಅದು ರ‍್ಯಾಂಪ್ ಅಲ್ಲ, ಆದರೆ ಹಳಿಗೂ ಸಿಗ್ನಲ್‌ಗೂ ನಡುವೆ ಜಾಗ ಸಾಲದಿದ್ದ ಇಂತಹುದೇ ಸ್ಥಳ. ರೈಲು ಸಮೀಪಿಸಿದೊಡನೆ ಸಿಗ್ನಲ್ ಹಸಿರಾಗಿ ಸಾಲನ್ನು ಕರಗಿಸುವ ವ್ಯವಸ್ಥೆ ಅಲ್ಲಿಯೂ ಇತ್ತು, ಆ ಹಸಿರು ದೀಪಕ್ಕೆ ಸಿಕ್ಕ ಸಮಯ ಮಾತ್ರ ಸಾಲಲಿಲ್ಲ. ಆ ಕೆಲವೇ ಕ್ಷಣಗಳ ಲೆಕ್ಕವನ್ನು ರಸ್ತೆಯವರೂ ರೈಲಿನವರೂ ಒಟ್ಟಿಗೆ ಕುಳಿತು ಮಾಡಬೇಕು.

ಈಗ ಗೇಟ್ ಇಳಿಯುತ್ತಿದೆ. ಬರುತ್ತಿರುವುದು ಕಾರ್ಖಾನೆಯ ಕವಲು ಹಳಿಯ ಗೂಡ್ಸ್ ರೈಲು, ನಡಿಗೆಯಷ್ಟೇ ವೇಗ. ಇದನ್ನು ನೋಡಿದಾಗ, ಎಲ್ಲ ರ‍್ಯಾಂಪ್‌ಗಳನ್ನೂ ಮುಚ್ಚಬೇಕೆಂಬ ಮಾತು ಅತಿಯಾಯಿತೇನೋ ಅನಿಸುತ್ತದೆ. ಅಪರೂಪಕ್ಕೆ ರೈಲು ಬರುವ ಇಂತಹ ಹಳಿಯ ಬಳಿ ವಿನಾಯಿತಿಯ ಫಲಕ ಹಾಕಿದರೆ ಲಾರಿಗಳು ನಿಲ್ಲಬೇಕಾಗಿಲ್ಲ, ಅಷ್ಟು ಸಾಕು. ಮುಖ್ಯ ಮಾರ್ಗದ ಹಳಿಯಾದರೆ ಮಾತ್ರ ನನ್ನ ಮಾತು ಬದಲಾಗದು.

ದೃಶ್ಯ ಮುಗಿಯುವ ಮೊದಲು ಕಂಬದ ಮೇಲಿನ ನೀಲಿ ಫಲಕವನ್ನು ನೋಡಿ. ಫೋನ್ ನಂಬರಿನ ಜೊತೆಗೆ 6 ಅಂಕಿ ಮತ್ತು 1 ಅಕ್ಷರದ ಕ್ರಾಸಿಂಗ್ ಗುರುತು ಅದರಲ್ಲಿರುತ್ತದೆ. ವಾಹನ ಹಳಿಯ ಮೇಲೆ ಕೆಟ್ಟು ನಿಂತರೆ ಎಲ್ಲರೂ ಇಳಿದು ದೂರ ಸರಿಯಬೇಕು, ಕೂಡಲೇ ಆ ನಂಬರಿಗೆ ಕರೆ ಮಾಡಿ ಆ ಗುರುತನ್ನು ಹೇಳಬೇಕು.