ಕರುಳು ಚುರ್ ಅನ್ನದವರ ಒಳ್ಳೆಯತನ

ನಮಸ್ಕಾರ. ಮೂರು ವರ್ಷದ ಹಿಂದೆ ಅಪ್ಪ ತೀರಿಕೊಂಡಾಗ ತ್ಯಾಗರಾಜನಗರದ ನಮ್ಮ ಮನೆ ತುಂಬ ಜನ. ಶವದ ವ್ಯಾನ್ ತರಿಸಿದ್ದು ನಮ್ಮಣ್ಣ, ವಿದ್ಯುತ್ ಚಿತಾಗಾರಕ್ಕೆ ಓಡಾಡಿದ್ದು ಅವನು, ಅಷ್ಟು ಗಲಾಟೆಯಲ್ಲೂ ಅಮ್ಮನಿಗೆ ಬಿಪಿ ಮಾತ್ರೆ ಹೊತ್ತಿಗೆ ಸರಿಯಾಗಿ ಕೊಟ್ಟಿದ್ದೂ ಅವನೇ. ಅಡುಗೆಮನೇಲಿ ಚಿಕ್ಕಮ್ಮ ಅಂದಿದ್ದು ನನ್ನ ಕಿವಿಗೆ ಬಿತ್ತು: "ಒಂದು ಹನಿ ಕಣ್ಣೀರೂ ಇಲ್ಲ, ಎಂಥಾ ಕಲ್ಲೆದೆ ಇವಂದು!"

ಅಣ್ಣನ್ನ ಕೇಳಿಕೊಂಡೇ ಇವತ್ತು ಮಾತಾಡ್ತಿದೀನಿ. ಅವನಿಗಿರೋದು ಆಂಟಿಸೋಶಿಯಲ್ ಪರ್ಸನಾಲಿಟಿ ಡಿಸಾರ್ಡರ್, ಅಂದ್ರೆ ಬೇರೆಯವರ ನೋವು, ಹಕ್ಕುಗಳನ್ನ ಲೆಕ್ಕಕ್ಕೇ ತಗೊಳ್ಳದ ಹಾಗೆ ಮಾಡೋ ವ್ಯಕ್ತಿತ್ವದ ತೊಂದರೆ. ಜನ ಸೋಶಿಯೋಪಾತ್ ಅಂತಾರೆ, ಆದರೆ ಈಗಿನ ಡಾಕ್ಟರುಗಳ ಕಾಯಿಲೆಪಟ್ಟಿಯಲ್ಲಿ ಆ ಪದ ಇಲ್ಲ. 18 ತುಂಬೋ ಮುಂಚೆ ಯಾರಿಗೂ ಇದು ಇದೆ ಅಂತ ಹೇಳೋದಿಲ್ಲ. ನಡತೆಯ ತೊಂದರೆ ಮಾತ್ರ 15ರ ಒಳಗೇ ಕಾಣಿಸಿಕೊಂಡಿರಬೇಕು. ಅವನಲ್ಲಿ ಕಾಣಿಸಿತ್ತು. ಅಮ್ಮನ ಚೀಟಿ ದುಡ್ಡು ಎತ್ತಿ, ಮನೆಕೆಲಸಕ್ಕೆ ಬರ್ತಿದ್ದವರ ಮೇಲೆ ಹಾಕಿದ. ಅವರ ಕೆಲಸ ಹೋಯ್ತು. ಈಗ ಎಲ್ಲಿದಾರೋ ನಮಗೆ ಗೊತ್ತಿಲ್ಲ. ಅವರಿಗಾದ ಅನ್ಯಾಯವನ್ನ ಯಾವ ಕಾಯಿಲೆ ಹೆಸರೂ ಅಳಿಸಲ್ಲ.

ಯಾರಾದರೂ ಬಿದ್ದು ಅಳ್ತಿದ್ರೆ ನಮಗೆ ಕರುಳು ಚುರ್ ಅನ್ನುತ್ತೆ. ಅವನಿಗೆ ಅನ್ನಲ್ಲ. ನೋವಾಗಿದೆ ಅಂತ ತಿಳಿಯುತ್ತೆ, ತಟ್ಟೋದಿಲ್ಲ ಅಷ್ಟೆ. ಇದಕ್ಕೆ ಹತ್ತಿರದ್ದು ಸೈಕೋಪತಿ. ಅದಿರೋ ಅಪರಾಧಿಗಳ ಮಿದುಳನ್ನ ನೆದರ್ಲೆಂಡ್ಸ್‌ನಲ್ಲಿ ಸ್ಕ್ಯಾನ್ ಮಾಡಿ ನೋಡಿದ್ರು, 2013ರಲ್ಲಿ ಅದರ ವರದಿ ಬಂತು. ಒಬ್ಬರ ಕೈಗೆ ಏಟು ಬೀಳೋ ವಿಡಿಯೋ ಸುಮ್ಮನೆ ತೋರಿಸಿದಾಗ ಅವರ ಮಿದುಳು ಅಷ್ಟಾಗಿ ಮಿಡಿಯಲಿಲ್ಲ. ಆ ನೋವು ನಿಮಗೇ ಆದ ಹಾಗೆ ಅಂದ್ಕೊಂಡು ನೋಡಿ ಅಂದಾಗ ಬೇರೆಯವರಿಗೂ ಅವರಿಗೂ ಇದ್ದ ವ್ಯತ್ಯಾಸ ಬಹಳ ಕಮ್ಮಿಯಾಯ್ತು. ಇದನ್ನ ಓದಿದ ದಿನ ನಾನು ತುಂಬಾ ಅತ್ತೆ.

ಯಾಕಂದ್ರೆ ಅಣ್ಣನ ದಿನಗಳು ನಡೆಯೋದೇ ಹಾಗೆ. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ನಿಂತು ಫೋನ್ ಮಾಡ್ತಾನೆ: "ಪುಟ್ಟಿ, ಟೀಮಲ್ಲಿ ಒಬ್ಬರ ತಾಯಿ ಹೋದ್ರು. ನಾನೇನ್ ಹೇಳ್ಬೇಕು?" ನಾನು ಹೇಳಿಕೊಡ್ತೀನಿ. ಅವನು ಹೋಗಿ ಅದನ್ನೇ ಹೇಳ್ತಾನೆ, ಅವರ ಪಾಲಿನ ಕೆಲಸಾನೂ ಎರಡು ವಾರ ತಾನೇ ಮಾಡ್ತಾನೆ. ಇದನ್ನ ನಾಟಕ ಅಂತೀರಾ? ನಾನು ಅನ್ನಲ್ಲ. ನನಗೆ ಕರುಣೆ ತಾನಾಗೇ ಬರುತ್ತೆ, ಅದರಲ್ಲಿ ನನ್ನದೇನು ಹೆಚ್ಚುಗಾರಿಕೆ? ಅವನು ಪ್ರತಿ ಸಲ ಯೋಚನೆ ಮಾಡಿ, ತೀರ್ಮಾನ ಮಾಡಿ, ಒಳ್ಳೆಯವನಾಗಿರಬೇಕು.

ಇಂಥವರಿಂದ ಏಟು ತಿಂತಾ, ಮೋಸ ಹೋಗ್ತಾ ಇರೋರಿಗೆ ಸಹಿಸ್ಕೊಳ್ಳಿ ಅಂತ ನಾನು ಖಂಡಿತ ಹೇಳಲ್ಲ. ದೂರ ಹೋಗಿ. ಅಣ್ಣ ಬದಲಾಗಿದ್ದು ತಾನಾಗೇ ಹೋಗಿ ಡಾಕ್ಟರ ಮುಂದೆ ಕೂತ ಮೇಲೆ. ಇದಕ್ಕೇ ಅಂತ ಮಾತ್ರೆ ಇಲ್ಲ, ವರ್ಷಗಟ್ಟಲೆ ಮಾತುಕತೆ ಬೇಕು. ಎಲ್ಲಿಂದ ಶುರು ಮಾಡೋದು ಅಂತ ತೋಚದಿದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, ನಂಬರ್ 14416. ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡು ಕೊಡಬೇಕಿಲ್ಲ.

ಹೋದ ವಾರ ಅಮ್ಮ ಅವನನ್ನ ಕೇಳಿದ್ರು, "ಅಪ್ಪ ಇಲ್ಲ ಅಂತ ನಿಂಗೆ ಸಂಕಟ ಆಗಲ್ವೇನೋ?"

"ಇಲ್ಲಮ್ಮ. ಮಾತ್ರೆ ತಗೊಂಡ್ಯಾ?" ಅಂದ.

ಅಮ್ಮ ಸುಮ್ಮನೆ ಕೈ ಚಾಚಿದ್ರು.